ಹಣ ಅವರದು, ಲೆಕ್ಕ ನಿಮ್ಮದು: ಅಮೆರಿಕದ ಮಾಜಿ ಯೋಧರ ಭತ್ಯೆ ನೋಡಿಕೊಳ್ಳುವವರಿಗೆ ಮಾರ್ಗದರ್ಶಿ

ಅಮೆರಿಕದ ಸೇನೆಯಲ್ಲಿದ್ದು ಬಂದವರಿಗೆ ಅಂಗವೈಕಲ್ಯ ಪರಿಹಾರ, ಪಿಂಚಣಿ ಮುಂತಾದವನ್ನು ಕೊಡುವುದು ಅಲ್ಲಿನ ಮಾಜಿ ಯೋಧರ ಇಲಾಖೆ. ಎಲ್ಲರ ಬಾಯಲ್ಲಿ ಅದು 'ವಿಎ'. ತಲೆಗೆ ಬಿದ್ದ ಪೆಟ್ಟು, ಮರೆವಿನ ಕಾಯಿಲೆ, ತೀವ್ರ ಮಾನಸಿಕ ಕಾಯಿಲೆ ಇಂಥ ಕಾರಣಗಳಿಂದ ಯೋಧರೊಬ್ಬರು ತಮ್ಮ ಹಣವನ್ನು ತಾವೇ ನಿಭಾಯಿಸಲಾರರು ಎಂದು ವಿಎ ತೀರ್ಮಾನಿಸಿದರೆ, ಆ ಹಣವನ್ನು ಅವರ ಪರವಾಗಿ ಪಡೆದು ಖರ್ಚು ಮಾಡಲು ಒಬ್ಬರನ್ನು ನೇಮಿಸುತ್ತದೆ. ಅವರೇ ಫಿಡ್ಯೂಷಿಯರಿ. ಯೋಧರ ವಿಧವೆಯರು, ಅಪ್ರಾಪ್ತ ಮಕ್ಕಳು, ಅವಲಂಬಿತ ತಂದೆತಾಯಿಗಳ ವಿಎ ಹಣಕ್ಕೂ ಇದೇ ವ್ಯವಸ್ಥೆ. ಒಂದು ಲಕ್ಷಕ್ಕೂ ಹೆಚ್ಚು ಫಲಾನುಭವಿಗಳು ಇದರಡಿ ಇದ್ದಾರೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಸೇನೆ ಸೇರಿದ ಮಕ್ಕಳಿದ್ದಾರೆ, ಯೋಧರನ್ನು ಮದುವೆಯಾದವರಿದ್ದಾರೆ. ಅಂಥ ಮನೆಯವರಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ. ನಮ್ಮಲ್ಲಿ ಮನೆಯ ದುಡ್ಡೆಲ್ಲ ಒಂದೇ ಗಂಟು. ಮಗನ ಸಂಬಳದಲ್ಲಿ ಅಕ್ಕನ ಮದುವೆ, ಅಪ್ಪನ ಪಿಂಚಣಿಯಲ್ಲಿ ಮೊಮ್ಮಗನ ಫೀಸು ನಡೆದೇ ಇರುತ್ತದೆ, ಯಾರೂ ಅದನ್ನು ತಪ್ಪೆನ್ನುವುದಿಲ್ಲ. ಫಿಡ್ಯೂಷಿಯರಿ ಆದ ದಿನದಿಂದ ಈ ಅಭ್ಯಾಸವೇ ಕಾನೂನಿನ ಕಣ್ಣಲ್ಲಿ ದುರುಪಯೋಗ. ಮುಂದೆ ಹೇಳುವ ಹೆಜ್ಜೆಗಳಲ್ಲಿ ಹೆಚ್ಚಿನವು ಈ ಗಂಟನ್ನು ಬೇರೆ ಬೇರೆಯಾಗಿ ಇಡುವುದರ ಬಗ್ಗೆಯೇ.

ಮೊದಲ ಹೆಜ್ಜೆ: ಪ್ರಸ್ತಾವದ ಪತ್ರ ಬಂದಾಗ ಗಡುವು ಎಣಿಸಿ

ಎಲ್ಲವೂ ಶುರುವಾಗುವುದು ಒಂದು ಪತ್ರದಿಂದ. ಹಣಕಾಸು ನಿಭಾಯಿಸುವ ಸಾಮರ್ಥ್ಯ ನಿಮಗಿಲ್ಲವೆಂದು ಪರಿಗಣಿಸುವ ಪ್ರಸ್ತಾವವಿದೆ ಎಂದು ವಿಎ ಯೋಧರಿಗೇ ಬರೆಯುತ್ತದೆ. ವೈದ್ಯರ ವರದಿಯೋ ನ್ಯಾಯಾಲಯದ ಆದೇಶವೋ ಇದಕ್ಕೆ ಆಧಾರ. ಪುರಾವೆ ಕಳಿಸಲು 60 ದಿನ ಸಿಗುತ್ತದೆ. ವಿಚಾರಣೆ ಬೇಕೆಂದರೆ 30 ದಿನದೊಳಗೆ ಕೇಳಬೇಕು, ಕೇಳಿದರೆ ವಿಚಾರಣೆ ಮುಗಿಯುವವರೆಗೆ ತೀರ್ಮಾನ ನಿಲ್ಲುತ್ತದೆ. ಪತ್ರವನ್ನು ಕಪಾಟಿನಲ್ಲಿಟ್ಟು ಮರೆತವರೇ ಹೆಚ್ಚು. ಗಡುವು ಮುಗಿದ ಮೇಲೆ ಇದೇ ವಾದಕ್ಕೆ ದುಪ್ಪಟ್ಟು ಕಾಗದ ಬೇಕಾಗುತ್ತದೆ.

ಪ್ರಸ್ತಾವ ತಪ್ಪೆನಿಸಿದರೆ ವೈದ್ಯರಿಂದ ಪತ್ರ ಪಡೆಯಿರಿ. ಆ ಪತ್ರದಲ್ಲಿ ಕಾಯಿಲೆಯ ಹೆಸರಿಗಿಂತ ಮುಖ್ಯವಾದದ್ದು ಬೇರೆ: ಇವರಿಗೆ ತಮ್ಮ ಆದಾಯ ಎಷ್ಟೆಂದು ಗೊತ್ತೇ, ಬಾಡಿಗೆ ಮತ್ತು ಬಿಲ್ಲುಗಳನ್ನು ಹೊತ್ತಿಗೆ ಸರಿಯಾಗಿ ಕಟ್ಟುತ್ತಾರೆಯೇ, ಯಾರಾದರೂ ಪುಸಲಾಯಿಸಿದರೆ ಹಣ ಕೊಟ್ಟುಬಿಡುತ್ತಾರೆಯೇ. ದೇಹ ದುರ್ಬಲವಾಗಿರುವುದು, ಗಾಲಿಕುರ್ಚಿಯಲ್ಲಿರುವುದು ಕಾರಣವಾಗಲಾರದು. ಅನುಮಾನಕ್ಕೆ ಎಡೆಯಿದ್ದರೆ ತೀರ್ಮಾನ ಯೋಧರ ಸಾಮರ್ಥ್ಯದ ಪರ ವಾಲಬೇಕು ಎಂಬುದು ವಿಎಯದೇ ನಿಯಮ.

ಈ ತೀರ್ಮಾನ ವಿಎ ಹಣಕ್ಕೆ ಮಾತ್ರ ಅನ್ವಯ. ಮತದಾನದ ಹಕ್ಕಾಗಲಿ ಕರಾರಿಗೆ ಸಹಿ ಹಾಕುವ ಹಕ್ಕಾಗಲಿ ಹೋಗುವುದಿಲ್ಲ. ಬಂದೂಕು ಕೊಳ್ಳುವ ವಿಷಯ ಮಾತ್ರ ಜಟಿಲವಾಗಿತ್ತು: ಇಂಥವರ ಹೆಸರನ್ನು ವಿಎ ಬಂದೂಕು ಖರೀದಿಯ ಹಿನ್ನೆಲೆ ತಪಾಸಣೆಯ ಪಟ್ಟಿಗೆ ಕಳಿಸುತ್ತಿತ್ತು. ನ್ಯಾಯಾಧೀಶರ ಆದೇಶವಿಲ್ಲದೆ ಹಾಗೆ ಕಳಿಸಲು ಹಣ ಬಳಸಬಾರದೆಂದು 2024ರ ಮಾರ್ಚ್‌ನ ಬಜೆಟ್ ಕಾಯ್ದೆ ತಡೆ ಹಾಕಿತು. ಮನೆಯಲ್ಲಿ ಬಂದೂಕಿದ್ದರೆ ಈಗಿನ ಸ್ಥಿತಿ ಏನೆಂದು ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಎರಡನೆಯದು: ಪವರ್ ಆಫ್ ಅಟಾರ್ನಿ ಇದೆಯೆಂದು ನಿಶ್ಚಿಂತರಾಗಬೇಡಿ

'ಮಗ ನಮಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದಾನೆ, ಸಾಕಲ್ಲ?' ಸಾಲದು. ವಿಎ ಹಣ ನಿರ್ವಹಿಸಲು ಆ ಪತ್ರ ನಡೆಯುವುದಿಲ್ಲ. ರಾಜ್ಯ ನ್ಯಾಯಾಲಯ ನೇಮಿಸಿದ ಗಾರ್ಡಿಯನ್ ಕೂಡ ತಾನಾಗಿಯೇ ವಿಎ ಫಿಡ್ಯೂಷಿಯರಿ ಆಗುವುದಿಲ್ಲ. ಸೋಷಿಯಲ್ ಸೆಕ್ಯೂರಿಟಿ (ಸರ್ಕಾರ ಜನಸಾಮಾನ್ಯರಿಗೂ ಕೊಡುವ ನಿವೃತ್ತಿ, ಅಂಗವೈಕಲ್ಯ ಭತ್ಯೆ) ಹಣಕ್ಕೆ ನೀವು ಪ್ರತಿನಿಧಿಯಾಗಿದ್ದರೆ ಅದೇ ಬೇರೆ ಇಲಾಖೆ, ಬೇರೆ ನೇಮಕ, ಬೇರೆ ಲೆಕ್ಕ. ಮೂರನ್ನೂ ಒಂದೇ ಎಂದುಕೊಂಡು ಒಂದೇ ಖಾತೆಗೆ ಹಾಕುವುದರಿಂದ ಎಷ್ಟೋ ತೊಡಕುಗಳು ಹುಟ್ಟುತ್ತವೆ.

ಯಾರನ್ನು ನೇಮಿಸಬೇಕು ಎಂಬುದಕ್ಕೂ ಒಂದು ಸರದಿ ಇದೆ. ಮೊದಲು ಯೋಧರೇ ಯಾರನ್ನು ಬಯಸುತ್ತಾರೆ ಎಂದು ಕೇಳುತ್ತಾರೆ. ಆಮೇಲೆ ಗಂಡ ಅಥವಾ ಹೆಂಡತಿ, ನಂತರ ಆರೈಕೆ ಮಾಡುತ್ತಿರುವ ಸಂಬಂಧಿ, ಬೇರೆ ಸಂಬಂಧಿಕರು, ಶುಲ್ಕ ಕೇಳದ ಸ್ನೇಹಿತರು. ಆರೈಕೆ ಸಂಸ್ಥೆಯ ಮುಖ್ಯಸ್ಥರು, ಶುಲ್ಕ ಪಡೆದು ಕೆಲಸ ಮಾಡುವವರು ಕೊನೆಯ ಸಾಲಿನಲ್ಲಿ. ಸ್ವಲ್ಪ ಮೇಲುಸ್ತುವಾರಿ ಇದ್ದರೆ ಯೋಧರೇ ನಿಭಾಯಿಸಬಲ್ಲರು ಎನಿಸಿದಲ್ಲಿ ಹಣವನ್ನು ಅವರಿಗೇ ಕೊಟ್ಟು ಗಮನಿಸುವ ದಾರಿಯೂ ಇದೆ. ಇದನ್ನು ಕೇಳುವವರು ಕಡಿಮೆ. ಕೇಳಿ.

ಮೂರನೆಯದು: ಕ್ಷೇತ್ರ ಪರಿಶೀಲಕರು ಮನೆಗೆ ಬರುವ ದಿನ

ಈ ಕಾರ್ಯಕ್ರಮದ ಕೆಲಸ ನಡೆಯುವುದು 'ಫಿಡ್ಯೂಷಿಯರಿ ಹಬ್' ಎಂಬ ಕಚೇರಿಗಳಲ್ಲಿ. ಕೊಲಂಬಿಯಾ, ಇಂಡಿಯಾನಾಪೊಲಿಸ್, ಲಿಂಕನ್, ಲೂಯಿವಿಲ್, ಮಿಲ್ವಾಕೀ, ಸಾಲ್ಟ್ ಲೇಕ್ ಸಿಟಿಗಳಲ್ಲಿ ಅವು ಇವೆ. ಅಲ್ಲಿಂದ ಬರುವ ಕ್ಷೇತ್ರ ಪರಿಶೀಲಕರು ಯೋಧರನ್ನೂ ನಿಮ್ಮನ್ನೂ ಮಾತನಾಡಿಸುತ್ತಾರೆ. ನಿಮ್ಮ ಕ್ರೆಡಿಟ್ ವರದಿ ತರಿಸುತ್ತಾರೆ, ಅಪರಾಧದ ಹಿನ್ನೆಲೆ ನೋಡುತ್ತಾರೆ. 18 ತುಂಬದವರು, ಜೈಲಿನಲ್ಲಿರುವವರು, ಗಂಭೀರ ಅಪರಾಧದ ಮೊಕದ್ದಮೆ ಬಾಕಿ ಇರುವವರು, ಹಿಂದೆ ಫಲಾನುಭವಿಯೊಬ್ಬರ ಹಣ ದುರುಪಯೋಗ ಮಾಡಿದವರು ಫಿಡ್ಯೂಷಿಯರಿ ಆಗುವಂತಿಲ್ಲ. ಹಳೆಯ ಸಾಲವೋ ಪ್ರಕರಣವೋ ಇದ್ದರೆ ಮೊದಲೇ ಹೇಳಿಬಿಡಿ. ವರದಿಯಲ್ಲಿ ಹೇಗೂ ಕಾಣುತ್ತದೆ, ಮುಚ್ಚಿಟ್ಟದ್ದು ಸಾಲಕ್ಕಿಂತ ಕೆಟ್ಟ ಅಭಿಪ್ರಾಯ ಮೂಡಿಸುತ್ತದೆ.

ಆ ದಿನಕ್ಕೆ ಮೇಜಿನ ಮೇಲೆ ಇರಬೇಕಾದವು: ಇಬ್ಬರ ಗುರುತಿನ ಚೀಟಿ, ಯೋಧರ ಬ್ಯಾಂಕ್ ಖಾತೆಗಳ ಇತ್ತೀಚಿನ ಸ್ಟೇಟ್‌ಮೆಂಟುಗಳು, ತಿಂಗಳ ಬಿಲ್ಲುಗಳು, ಬಾಡಿಗೆ ಅಥವಾ ಮನೆಸಾಲದ ಕಾಗದ, ತೀರಿಸಬೇಕಾದ ಸಾಲಗಳ ಪಟ್ಟಿ, ವಿಎ ಬಿಟ್ಟು ಬೇರೆ ಆದಾಯದ ದಾಖಲೆ, ಔಷಧಿ ಮತ್ತು ವೈದ್ಯರ ಪಟ್ಟಿ, ನ್ಯಾಯಾಲಯದ ಆದೇಶವಿದ್ದರೆ ಅದರ ಪ್ರತಿ.

ಪರಿಶೀಲಕರು ಯೋಧರೊಂದಿಗೆ ಒಬ್ಬರೇ ಮಾತನಾಡಬೇಕು ಎಂದರೆ ಬೇಸರಪಡಬೇಡಿ, ಅಡುಗೆಮನೆಗೆ ಹೋಗಿ ಕಾಫಿ ಮಾಡಿ. ನಿಮ್ಮ ಎದುರಿಗೆ ಹೇಳಲಾಗದ್ದನ್ನು ಕೇಳುವುದೇ ಅವರ ಕೆಲಸ. ಪ್ರಶ್ನೆ ಯೋಧರಿಗೆ ಕೇಳಿದಾಗ ಉತ್ತರ ನೀವು ಕೊಡಬೇಡಿ. ನಮ್ಮ ತಾಯಂದಿರಿಗೆ ಇದು ಬಹಳ ಕಷ್ಟ.

ಭೇಟಿಯ ಕೊನೆಗೆ ತಿಂಗಳಿಗೆ ಯಾವುದಕ್ಕೆ ಎಷ್ಟು ಎಂಬ ಅಂದಾಜು ಬಜೆಟ್ ತಯಾರಾಗುತ್ತದೆ, ಫಿಡ್ಯೂಷಿಯರಿ ಒಪ್ಪಂದಕ್ಕೆ ಸಹಿ ಬೀಳುತ್ತದೆ (ನಮೂನೆ 21ಪಿ-4703). ಯೋಧರ ಕೈಖರ್ಚಿಗೆ ಇಷ್ಟು ಎಂದು ಅದರಲ್ಲಿ ಬರೆಸಿ. ಅದು ಇಲ್ಲದಿದ್ದರೆ ಪ್ರತಿ ಬಾರಿ ಸಿನಿಮಾಕ್ಕೆ ಹೋಗುವಾಗಲೂ ಬೆಳೆದ ಮಗ ಅಮ್ಮನ ಮುಂದೆ ಕೈಚಾಚಬೇಕಾಗುತ್ತದೆ. ಜಗಳ ಹುಟ್ಟುವುದು ಅಲ್ಲೇ.

ನಾಲ್ಕನೆಯದು: ಖಾತೆ ಬೇರೆ, ಹೆಸರು ಸರಿ

ಹೊಸ ಖಾತೆ ತೆರೆಯಿರಿ. ಅದಕ್ಕೆ ಫೆಡರಲ್ ವಿಮೆ, ಅಂದರೆ ಬ್ಯಾಂಕು ಮುಳುಗಿದರೂ ಠೇವಣಿಗೆ ಕೇಂದ್ರ ಸರ್ಕಾರದ ರಕ್ಷಣೆ, ಇರಲೇಬೇಕು. ವಿಮೆಯ ಮಿತಿ ಒಂದು ಬ್ಯಾಂಕಿನಲ್ಲಿ 2,50,000 ಡಾಲರ್. ಖಾತೆಯ ಶೀರ್ಷಿಕೆ ಹೀಗಿರಬೇಕು: ಮೊದಲು ಫಲಾನುಭವಿಯ ಹೆಸರು, ನಂತರ 'ಮೂಲಕ' ಎಂಬರ್ಥದ ಪದ (by), ನಿಮ್ಮ ಹೆಸರು, ಕೊನೆಗೆ 'ಫಿಡ್ಯೂಷಿಯರಿ'. ಬ್ಯಾಂಕಿನ ಗುಮಾಸ್ತರು ಅನುಕೂಲಕ್ಕೆಂದು ಜಂಟಿ ಖಾತೆ ಮಾಡಿಕೊಡಲು ಬರುತ್ತಾರೆ. ಬೇಡ ಎನ್ನಿ. ಜಂಟಿ ಖಾತೆಯಾದರೆ ಕಾಗದದ ಮೇಲೆ ಅದು ನಿಮ್ಮ ಹಣವೂ ಆಗುತ್ತದೆ, ನಿಮಗೆ ಸಾಲ ಕೊಟ್ಟವರು ಅದಕ್ಕೆ ಕೈಹಾಕಬಹುದು. ವಿಎ ಹಣವನ್ನು ಯೋಧರಿಗೆ ಸಾಲ ಕೊಟ್ಟವರು ಜಪ್ತಿ ಮಾಡದಂತೆ ಕಾನೂನಿನ ರಕ್ಷಣೆ ಇದೆ. ಖಾತೆ ಬೆರಕೆಯಾದರೆ ಯಾವುದು ವಿಎ ಹಣ ಎಂದು ತೋರಿಸುವುದೇ ಕಷ್ಟವಾಗಿ ಆ ರಕ್ಷಣೆ ಕೈತಪ್ಪಬಹುದು. ಗಂಡ ಅಥವಾ ಹೆಂಡತಿಯೇ ಫಿಡ್ಯೂಷಿಯರಿ ಆದಾಗ ಪ್ರತ್ಯೇಕ ಖಾತೆಯ ನಿಯಮದಿಂದ ವಿನಾಯಿತಿ ಇದೆ. ಆದರೂ ಬೇರೆ ಇಟ್ಟವರು ನೆಮ್ಮದಿಯಾಗಿರುತ್ತಾರೆ.

ಎಟಿಎಂನಿಂದ ನಗದು ತೆಗೆಯುವ ರೂಢಿ ಬಿಡಿ. 'ನಗದು, 200' ಎಂಬ ಸಾಲಿಗೆ ವರ್ಷದ ಕೊನೆಯಲ್ಲಿ ಯಾವ ವಿವರಣೆಯೂ ನೆನಪಾಗುವುದಿಲ್ಲ. ಕೈಖರ್ಚಿನ ಹಣವನ್ನೂ ಚೆಕ್ಕಿನಲ್ಲೋ ಯೋಧರ ಸ್ವಂತ ಸಣ್ಣ ಖಾತೆಗೆ ವರ್ಗಾವಣೆ ಮಾಡಿಯೋ ಕೊಡಿ.

ಉಳಿತಾಯ ಬೆಳೆದರೆ ಷೇರು, ಚಿನ್ನ, ಊರಲ್ಲೊಂದು ಸೈಟು ಎಂದು ಯೋಚಿಸುವ ಹಾಗಿಲ್ಲ. ಅಮೆರಿಕ ಸರ್ಕಾರದ ಉಳಿತಾಯ ಬಾಂಡು ಅಥವಾ ಫೆಡರಲ್ ವಿಮೆಯಿರುವ ಬಡ್ಡಿ ಖಾತೆ, ಇಷ್ಟೇ. ಬೆಂಗಳೂರಿನ ನಿವೇಶನ ಎಷ್ಟೇ ಲಾಭದ್ದಾದರೂ ಈ ಹಣಕ್ಕೆ ಅದು ನಿಷಿದ್ಧ.

ಐದನೆಯದು: ಯಾವುದಕ್ಕೆ ಖರ್ಚು ಮಾಡಬಹುದು, ಯಾವುದಕ್ಕೆ ಕೂಡದು

ಕಾನೂನಿನ ಅಳತೆಗೋಲು ಒಂದೇ: ಫಲಾನುಭವಿಗೆ ಅಥವಾ ಅವರ ಅವಲಂಬಿತರಿಗೆ ಉಪಯೋಗವಾಯಿತೇ? ಬಾಡಿಗೆ, ಊಟ, ಬಟ್ಟೆ, ಔಷಧಿ, ಆರೈಕೆ, ಫೋನು, ಮನರಂಜನೆ ಎಲ್ಲ ಸರಿ. ಹಣ ಕೂಡಿಟ್ಟು ಯೋಧರನ್ನು ಹಳೆಯ ಬಟ್ಟೆಯಲ್ಲಿ ಕೂರಿಸುವುದೂ ತಪ್ಪೇ. ಜಿಪುಣತನ ಇಲ್ಲಿ ನಿಷ್ಠೆಯ ಗುರುತಲ್ಲ.

ಒಟ್ಟಿಗೆ ಒಂದೇ ಮನೆಯಲ್ಲಿದ್ದರೆ ಬಾಡಿಗೆ, ದಿನಸಿ, ಕರೆಂಟಿನಲ್ಲಿ ಯೋಧರ ಪಾಲು ಎಷ್ಟು ಎಂದು ಲೆಕ್ಕ ಹಾಕಿ, ಆ ಪಾಲನ್ನು ಮಾತ್ರ ತೆಗೆದುಕೊಳ್ಳಿ. ನಾಲ್ಕು ಜನರ ಮನೆಯಲ್ಲಿ 2,400 ಡಾಲರ್ ಬಾಡಿಗೆಯಾದರೆ ಅವರ ಪಾಲು 600. ಇಡೀ 2,400 ಅವರ ಖಾತೆಯಿಂದ ಹೋಗಿದ್ದರೆ ಪ್ರಶ್ನೆ ಬಂದೇ ಬರುತ್ತದೆ.

ಕೂಡದ್ದು: ನಿಮಗೇ ಸಾಲ ಕೊಟ್ಟುಕೊಳ್ಳುವುದು, 'ಮುಂದಿನ ತಿಂಗಳು ಹಾಕಿಬಿಡ್ತೀನಿ' ಎಂದು ಕೈಬದಲು ಮಾಡುವುದು, ಉಡುಗೊರೆ ಕೊಡುವುದು. ಸಂಬಂಧಿಕರ ಮದುವೆಗೆ ಮುಯ್ಯಿ, ಊರಿನ ದೇವಸ್ಥಾನಕ್ಕೆ ದೊಡ್ಡ ಕಾಣಿಕೆ, ಊರಲ್ಲಿರುವ ತಮ್ಮನ ಕಾಲೇಜು ಶುಲ್ಕ ಯಾವುದೂ ಈ ಖಾತೆಯಿಂದ ಬೇಡ. ತಮ್ಮ ಅಕ್ಕರೆಯವನೇ ಇರಬಹುದು, ವಿಎ ಲೆಕ್ಕದಲ್ಲಿ ಅವನು ಅವಲಂಬಿತನಲ್ಲ. ಕಾರು, ಮನೆ ದುರಸ್ತಿಯಂಥ ದೊಡ್ಡ ಖರ್ಚು ಬಜೆಟ್ಟಿನಲ್ಲಿ ಇಲ್ಲದಿದ್ದರೆ ಮೊದಲು ಹಬ್‌ಗೆ ಬರೆದು, ಉತ್ತರವನ್ನು ಕಡತದಲ್ಲಿಟ್ಟುಕೊಂಡು ಮುಂದುವರಿಯಿರಿ. ಫೋನಿನಲ್ಲಿ ಸಿಕ್ಕ 'ಆಗಬಹುದು' ಎಂಬ ಮಾತಿಗೆ ಲೆಕ್ಕ ತಪಾಸಣೆಯ ದಿನ ಬೆಲೆಯಿಲ್ಲ.

ಶುಲ್ಕ ಮತ್ತು ಜಾಮೀನು ಬಾಂಡು

ಹೆಂಡತಿ, ಗಂಡ, ತಂದೆತಾಯಿ, ಒಡಹುಟ್ಟಿದವರಿಗೆ ಸಾಮಾನ್ಯವಾಗಿ ಶುಲ್ಕ ಸಿಗದು. ಹೊರಗಿನವರಿಗೆ ವಿಎ ಅನುಮತಿ ಕೊಟ್ಟರೆ ತಿಂಗಳ ಭತ್ಯೆಯ ಶೇ. 4ರವರೆಗೆ. 2025ರಲ್ಲಿ ಅವಲಂಬಿತರಿಲ್ಲದ, ಶೇ. 100 ಅಂಗವೈಕಲ್ಯದ ಯೋಧರಿಗೆ ತಿಂಗಳಿಗೆ 3,831.30 ಡಾಲರ್ ಬರುತ್ತಿತ್ತು. ಅದರಲ್ಲಿ ಗರಿಷ್ಠ ಶುಲ್ಕ 153.25 ಡಾಲರ್. ಒಟ್ಟಾಗಿ ಬರುವ ಹಿಂಬಾಕಿಯ ಮೇಲೆ, ಹಿಂದಿನ ಫಿಡ್ಯೂಷಿಯರಿಯಿಂದ ವರ್ಗವಾಗಿ ಬಂದ ಹಣದ ಮೇಲೆ, ಉಳಿತಾಯದ ಮೇಲೆ ಶುಲ್ಕ ಮುರಿದುಕೊಳ್ಳುವಂತಿಲ್ಲ.

ನಿಮ್ಮ ಕೈಯಲ್ಲಿರುವ ವಿಎ ಹಣ 25,000 ಡಾಲರ್ ದಾಟಿದರೆ ಜಾಮೀನು ಬಾಂಡು (ಹಣ ದುರುಪಯೋಗವಾದರೆ ನಷ್ಟ ತುಂಬಿಕೊಡುವ ಕಂಪನಿಯ ಖಾತರಿ) ಬೇಕು, 60 ದಿನದೊಳಗೆ. ಅದರ ಕಂತನ್ನು ಯೋಧರ ಹಣದಿಂದಲೇ ಕಟ್ಟಬಹುದು. ಗಂಡ ಹೆಂಡತಿಗೂ ಟ್ರಸ್ಟ್ ಅಧಿಕಾರ (ಬೇರೆಯವರ ಹಣ ನಿರ್ವಹಿಸುವ ಅನುಮತಿ) ಇರುವ ವಿಮಾ ರಕ್ಷಿತ ಬ್ಯಾಂಕುಗಳಿಗೂ ವಿನಾಯಿತಿ. ಹಲವರು ಎಡವುವುದು ಹಿಂಬಾಕಿ ಬಂದಾಗ: ತಿಂಗಳ ಭತ್ಯೆ ಖರ್ಚಾಗಿಹೋಗುತ್ತಿರುತ್ತದೆ, ಒಂದು ದಿನ ಏಕಾಏಕಿ 40,000 ಜಮೆಯಾಗುತ್ತದೆ. 60 ದಿನದ ಎಣಿಕೆ ಅಂದೇ ಶುರು.

ಆರನೆಯದು: ವಾರ್ಷಿಕ ಲೆಕ್ಕ

ಸರ್ಕಾರದ ಮೇಲುಸ್ತುವಾರಿ ಎಂದರೆ ಮುಖ್ಯವಾಗಿ ಇದೇ. ಕೈಯಲ್ಲಿರುವ ವಿಎ ಹಣ 10,000 ಡಾಲರ್ ಮೀರಿದ್ದರೆ, ನೀವು ಶುಲ್ಕ ಪಡೆಯುತ್ತಿದ್ದರೆ, ಅಥವಾ ಯೋಧರಿಗೆ ಪೂರ್ಣ ಅಂಗವೈಕಲ್ಯದ ಪರಿಹಾರ ಬರುತ್ತಿದ್ದರೆ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ಗಂಡ ಅಥವಾ ಹೆಂಡತಿಗೆ ಇದರಿಂದಲೂ ವಿನಾಯಿತಿ. ಲೆಕ್ಕದ ಅವಧಿ ಮುಗಿದ 30 ದಿನದೊಳಗೆ ನಮೂನೆ 21ಪಿ-4706ಬಿ, ಅದರ ಜೊತೆಗೆ ಅವಧಿಯ ಎಲ್ಲ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು ಸಲ್ಲಬೇಕು. ಸ್ಟೇಟ್‌ಮೆಂಟಿನ ಎಲ್ಲ ಪುಟಗಳೂ ಇರಲಿ. ಜಾಹೀರಾತು ಇದೆಯೆಂದು ಕೊನೆಯ ಪುಟ ಬಿಟ್ಟು ಕಳಿಸಿದರೆ 'ಆರರಲ್ಲಿ ಐದು ಪುಟ ಮಾತ್ರ ಬಂದಿದೆ' ಎಂದು ಪತ್ರ ವಾಪಸು ಬರುತ್ತದೆ.

ಲೆಕ್ಕದ ರೂಪ ನಮ್ಮ ಹಳೆಯ ಕಿರ್ದಿ ಪುಸ್ತಕದ್ದೇ. ಸರಳತೆಗಾಗಿ ವರ್ಷಪೂರ್ತಿ ಭತ್ಯೆ ಒಂದೇ ಎಂದಿಟ್ಟುಕೊಳ್ಳಿ:

ಆರಂಭದ ಶಿಲ್ಕು 9,200.00
ವಿಎ ಭತ್ಯೆ (3,831.30 × 12) 45,975.60
ಬಡ್ಡಿ 18.40
ಒಟ್ಟು 55,194.00

ಬಾಡಿಗೆ 17,400
ಊಟ, ದಿನಸಿ 7,440
ಫೋನು, ಕರೆಂಟು, ನೀರು 2,520
ಕೈಖರ್ಚು 3,600
ಬಟ್ಟೆ 640
ಕಾರು ವಿಮೆ, ಪೆಟ್ರೋಲು 2,900
ಆರೈಕೆಯವರಿಗೆ 9,600
ಒಟ್ಟು ಖರ್ಚು 44,100.00

ಅಂತ್ಯದ ಶಿಲ್ಕು 11,094.00

ಈ ಕೊನೆಯ ಅಂಕಿ ಬ್ಯಾಂಕಿನ ಕೊನೆಯ ದಿನದ ಬಾಕಿಗೆ ಒಂದು ಸೆಂಟೂ ಹೆಚ್ಚುಕಡಿಮೆ ಇಲ್ಲದೆ ಹೊಂದಬೇಕು. ಹೊಂದದಿದ್ದಾಗ ಮೊದಲು ಹುಡುಕಬೇಕಾದ ಕಡೆ ಮೂರು. ಒಂದು, ಬರೆದುಕೊಟ್ಟರೂ ಇನ್ನೂ ನಗದಾಗದ ಚೆಕ್ಕು. ಎರಡು, ಬ್ಯಾಂಕು ಮುರಿದುಕೊಂಡ ಸೇವಾ ಶುಲ್ಕ. ಮೂರನೆಯದು ಜಮೆಯ ದಿನಾಂಕ, ಹೆಚ್ಚಿನವರಿಗೆ ಹೊಳೆಯದ್ದು. ವಿಎ ಒಂದು ತಿಂಗಳ ಭತ್ಯೆಯನ್ನು ಮುಂದಿನ ತಿಂಗಳ 1ನೇ ತಾರೀಕಿಗೆ ಕೊಡುತ್ತದೆ. 1ನೇ ತಾರೀಕು ರಜೆಯಾದರೆ ಅದಕ್ಕೆ ಹಿಂದಿನ ಕೆಲಸದ ದಿನವೇ ಜಮೆ. 2025ರ ಜೂನ್ 1 ಭಾನುವಾರವಾದ್ದರಿಂದ ಆ ಹಣ ಮೇ 30ಕ್ಕೇ ಬಂತು. ಹೀಗೆ ಮೇನಲ್ಲಿ ಎರಡು ಜಮೆ, ಜೂನ್‌ನಲ್ಲಿ ಸೊನ್ನೆ. ಜನವರಿ 1 ಯಾವಾಗಲೂ ರಜೆ, ಹಾಗಾಗಿ ಡಿಸೆಂಬರ್ ಭತ್ಯೆ ಹಳೆಯ ವರ್ಷದ ಕೊನೆಯಲ್ಲೇ ಬೀಳುತ್ತದೆ, ಅದೂ ಹೊಸ ವರ್ಷಕ್ಕೆ ನಿಗದಿಯಾದ ದರದಲ್ಲಿ. ನೀವು ತಿಂಗಳ ಹೆಸರು ನೋಡಿ ಬರೆದಿರುತ್ತೀರಿ, ಬ್ಯಾಂಕು ದಿನಾಂಕ ನೋಡಿ ಬರೆದಿರುತ್ತದೆ. ಬ್ಯಾಂಕಿನ ದಿನಾಂಕವನ್ನೇ ಹಿಡಿಯಿರಿ.

ಲೆಕ್ಕವನ್ನು ವರ್ಷಕ್ಕೊಮ್ಮೆ ಬರೆಯಬೇಡಿ. ಪ್ರತಿ ತಿಂಗಳು ಸ್ಟೇಟ್‌ಮೆಂಟ್ ಬಂದ ದಿನ ಅರ್ಧ ಗಂಟೆ ಕೂತರೆ ಸಾಕು. ರಸೀದಿಗಳನ್ನು ಫೋನಿನಲ್ಲಿ ಫೋಟೊ ತೆಗೆದಿಡಿ, ಅಂಗಡಿಯ ಕಾಗದದ ಮೇಲಿನ ಅಕ್ಷರ ಆರು ತಿಂಗಳಲ್ಲಿ ಮಾಸಿಹೋಗುತ್ತದೆ. ನಿಮ್ಮ ಜವಾಬ್ದಾರಿ ಮುಗಿದ ಮೇಲೂ 2 ವರ್ಷ ಎಲ್ಲ ದಾಖಲೆ ಇಟ್ಟುಕೊಳ್ಳಬೇಕು.

ಇಷ್ಟೊಂದು ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಸಂಸತ್ತಿಗೆ ವರದಿ ಮಾಡುವ ಲೆಕ್ಕಪರಿಶೋಧನಾ ಸಂಸ್ಥೆಯು 2010ರಲ್ಲಿ, ಮೇಲುಸ್ತುವಾರಿಗೆ ನಿಗದಿಯಾದ ಕ್ರಮಗಳನ್ನು ವಿಎ ಸಿಬ್ಬಂದಿ ಎಲ್ಲ ಪ್ರಕರಣಗಳಲ್ಲೂ ಕೈಗೊಳ್ಳುತ್ತಿಲ್ಲ ಎಂದು ಎತ್ತಿ ತೋರಿಸಿತ್ತು. ಈಗಿನ ನಿಯಮಗಳು ಜಾರಿಗೆ ಬಂದದ್ದು 2018ರ ಆಗಸ್ಟ್ 13ರಂದು. ಒಬ್ಬರೇ 20ಕ್ಕೂ ಹೆಚ್ಚು ಫಲಾನುಭವಿಗಳ ಹಣ ನೋಡಿಕೊಳ್ಳುತ್ತಿದ್ದು ಮೊತ್ತವೂ ದೊಡ್ಡದಿದ್ದರೆ ಅವರ ಕಚೇರಿಗೇ ಹೋಗಿ ಕಡತ ತೆಗೆಸಿ ನೋಡುವ ನಿಯಮವೂ ಇದೆ.

ಯೋಧರ ಕಡೆಯಿಂದ: ಹಣ ಸೋರುತ್ತಿದೆ ಎನಿಸಿದರೆ

ಫಲಾನುಭವಿಗೆ ತನ್ನ ಖಾತೆಯಲ್ಲಿ ಎಷ್ಟಿದೆ ಎಂದು ಕೇಳುವ, ಒಪ್ಪಿಗೆಯಾದ ವಾರ್ಷಿಕ ಲೆಕ್ಕದ ಪ್ರತಿ ಪಡೆಯುವ, ಬೇರೆ ಫಿಡ್ಯೂಷಿಯರಿ ಬೇಕೆನ್ನುವ ಹಕ್ಕಿದೆ. ಬಿಲ್ಲು ಕಟ್ಟದೆ ಫೋನು ಕಡಿತವಾಗುವುದು, ಬಾಡಿಗೆ ಬಾಕಿಯ ನೋಟಿಸು, 'ಹಣ ಇನ್ನೂ ಬಂದಿಲ್ಲ' ಎಂಬ ನೆಪ ಮೇಲಿಂದ ಮೇಲೆ ಕೇಳಿಬಂದರೆ ಎಚ್ಚರಗೊಳ್ಳಿ. ದಿನಾಂಕ, ಮೊತ್ತ, ನೋಟಿಸಿನ ಪ್ರತಿ ಒಟ್ಟುಮಾಡಿಕೊಂಡು ಹಬ್‌ಗೆ ಬರೆಯಿರಿ. ವಿಎ ಸಾಮಾನ್ಯ ಸಹಾಯವಾಣಿ 800-827-1000, ವಂಚನೆಯ ದೂರಿಗೆ ವಿಎ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ದೂರವಾಣಿ 800-488-8244.

ಹಬ್ ತನಿಖೆ ಮಾಡಿ ದುರುಪಯೋಗ ಆಯಿತೋ ಇಲ್ಲವೋ ಎಂದು ಬರವಣಿಗೆಯಲ್ಲಿ ತೀರ್ಮಾನ ಕೊಡುತ್ತದೆ. ಒಪ್ಪದವರು 30 ದಿನದೊಳಗೆ ಮರುಪರಿಶೀಲನೆ ಕೇಳಬಹುದು. ದುರುಪಯೋಗ ಸಾಬೀತಾದರೆ ಫಿಡ್ಯೂಷಿಯರಿ ಆ ಹಣಕ್ಕೆ ಸಾಲಗಾರನಾಗುತ್ತಾನೆ. ಕಬಳಿಸಿದ್ದಕ್ಕೆ 5 ವರ್ಷದವರೆಗೆ ಜೈಲು. ಮನೆಯವರೆಂಬ ರಿಯಾಯಿತಿ ಕಾನೂನಿನಲ್ಲಿ ಇಲ್ಲ.

ಯಾರನ್ನು ನೇಮಿಸಬೇಕು ಎಂಬ ವಿಎ ತೀರ್ಮಾನವನ್ನು ಪ್ರಶ್ನಿಸಲೇ ಆಗದು ಎಂಬ ವಾದ ಬಹುಕಾಲ ನಡೆದಿತ್ತು. 2011ರಲ್ಲಿ ಫ್ರೀಮನ್ ಪ್ರಕರಣದಲ್ಲಿ ಮಾಜಿ ಯೋಧರ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸಾಮರ್ಥ್ಯ ಮರಳಿದೆ ಎನಿಸಿದರೂ ಯಾವಾಗ ಬೇಕಾದರೂ ಹೊಸ ವೈದ್ಯಕೀಯ ಪುರಾವೆಯೊಂದಿಗೆ ಕೇಳಬಹುದು. ಆಗ ಆರು ತಿಂಗಳು ಯೋಧರೇ ಕಟ್ಟಿದ ಬಿಲ್ಲುಗಳು, ಅವರೇ ಬರೆದ ಖರ್ಚಿನ ಪಟ್ಟಿ ವೈದ್ಯರ ಪತ್ರದಷ್ಟೇ ಕೆಲಸ ಮಾಡುತ್ತವೆ.

ಕೊನೆಯ ಹೆಜ್ಜೆ: ಬಿಡುವಾಗ

ಆಗದು ಎನಿಸಿದರೆ ಬಿಡಬಹುದು, ಆದರೆ ಖಾತೆಯ ಕೀಲಿ ಎಸೆದು ಹೋಗುವ ಹಾಗಿಲ್ಲ. ಹಬ್‌ಗೆ ಬರೆದು, ಹೊಸಬರ ನೇಮಕವಾಗುವವರೆಗೆ ಬಿಲ್ಲು ಕಟ್ಟುತ್ತಿದ್ದು, ಕೊನೆಯ ಲೆಕ್ಕ ಒಪ್ಪಿಸಿ, ಉಳಿದ ಹಣ ಹಸ್ತಾಂತರಿಸಬೇಕು.

ಯೋಧರು ತೀರಿಕೊಂಡರೆ ಕೂಡಲೇ ತಿಳಿಸಿ. ತೀರಿಕೊಂಡ ತಿಂಗಳಿಗೆ ಭತ್ಯೆ ಇಲ್ಲ: ಮೇ 20ಕ್ಕೆ ಸಾವಾಗಿದ್ದರೆ ಮೇ ತಿಂಗಳ ಲೆಕ್ಕಕ್ಕೆಂದು ಜೂನ್ ಆರಂಭದಲ್ಲಿ ಬೀಳುವ ಹಣ ವಾಪಸು ಹೋಗಬೇಕು. ಆ ತಿಂಗಳ ಹಣಕ್ಕೆ ಬದುಕಿರುವ ಸಂಗಾತಿಗೆ ಹಕ್ಕಿರಬಹುದು, ಅದನ್ನು ವಿಎಯನ್ನು ಬೇರೆಯಾಗಿ ಕೇಳಬೇಕು. ಅಂತ್ಯಕ್ರಿಯೆಯ ಗಡಿಬಿಡಿಯಲ್ಲಿ ಈ ಜಮೆ ಖರ್ಚಾಗಿಬಿಡುತ್ತದೆ, ಮೂರು ತಿಂಗಳ ಮೇಲೆ ವಸೂಲಿ ಪತ್ರ ಬರುತ್ತದೆ. ಉಳಿದ ಹಣವನ್ನು ಉಯಿಲಿನಂತೆ ಅಥವಾ ವಾರಸುದಾರರಿಗೆ ತಲುಪಿಸಲು ಕಾದಿಡಿ. ಉಯಿಲೂ ಇಲ್ಲ, ವಾರಸುದಾರರೂ ಇಲ್ಲ ಎಂದಾದರೆ ಅದು ವಿಎಗೆ ಮರಳುತ್ತದೆ.